23 ‘ಹ್ಯಾವಿಂಗ್’, ಎರಡು ಪುಟ, ಏಳು ವಾರ

ಹೋದ ವಾರ ಅರ್ಜಿ ಕಳಿಸಿದೆ. ಎಂ.ಎ. ಸೇರಲು ವಿಶ್ವವಿದ್ಯಾಲಯವೊಂದಕ್ಕೆ ಬರೆದ ಎರಡು ಪುಟದ ಇಂಗ್ಲಿಷ್ ಪತ್ರ. ನಾನು ಯಾರು, ಏನು ಓದಿದ್ದೇನೆ, ಈ ಕೋರ್ಸೇ ಯಾಕೆ ಬೇಕು ಅಂತ ಹೇಳುವ ಪತ್ರ. ಎರಡು ಪುಟಕ್ಕೆ ಏಳು ವಾರ ಹಿಡಿಯಿತು. ಅದರಲ್ಲಿ ಐದು ವಾರ ಒಂದೇ ಗೊಂದಲಕ್ಕೆ ಹೋಯಿತು. ‘ಡೂಯಿಂಗ್’ ಅಂತ ಬರೆಯಬೇಕಾ, ‘ಹ್ಯಾವಿಂಗ್ ಡನ್’ ಅಂತ ಬರೆಯಬೇಕಾ?

ನಗಬೇಡಿ. ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ನಿದ್ದೆಗೆಡುತ್ತಾರಾ ಅಂತ ಮೊದಲು ನನಗೂ ಅನಿಸಿತ್ತು. ಈಗ ಅದೇ ಪತ್ರ ಬರೆಯುತ್ತಾ ಕೂತವರಿಗೆ ಇದರಿಂದ ಒಂದೆರಡು ವಾರ ಉಳಿದರೆ ಸಾಕು.

ಮೊದಲ ಕರಡು ಬರೆದಾಗ ನನಗೆ ಭಾರೀ ಖುಷಿ. ಯಾವತ್ತೋ ಯಾರೋ ಹೇಳಿದ್ದರು, ‘ಹ್ಯಾವಿಂಗ್’ ಹಾಕಿದರೆ ಇಂಗ್ಲಿಷಿಗೆ ತೂಕ ಬರುತ್ತದೆ ಅಂತ. ಹಾಗಾಗಿ ಸಿಕ್ಕಸಿಕ್ಕಲ್ಲೆಲ್ಲ ಹಾಕಿದ್ದೆ. ನಮ್ಮ ದೊಡ್ಡಪ್ಪನ ಮಗಳು ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತಾಳೆ. ಅವಳಿಗೆ ಕಳಿಸಿದೆ. ಅವಳಿಗೂ ಅವಳ ಕೆಲಸ ಇರುತ್ತದಲ್ವಾ, ಒಂಬತ್ತು ದಿನ ಕಾದೆ. ಹತ್ತನೇ ದಿನ ಕಡತ ಬಂತು. ತೆರೆದರೆ ಪುಟದ ತುಂಬ ಹಳದಿ. 23 ಕಡೆ ‘ಹ್ಯಾವಿಂಗ್’ ಪದಕ್ಕೆ ಹಳದಿ ಬಳಿದಿದ್ದಳು. ಕೆಳಗೆ ಒಂದೇ ಸಾಲು: “ಇದೇನು ಪತ್ರಾನಾ, ಹ್ಯಾವಿಂಗ್ ಜಾತ್ರೇನಾ?”

ಅವಮಾನ ಆಯಿತು. ಎರಡು ದಿನ ಕಡತ ತೆರೆಯಲೇ ಇಲ್ಲ. ಮೂರನೇ ದಿನ ಫೋನ್ ಮಾಡಿದೆ.

“ಅಕ್ಕಾ, ಎಲ್ಲಾನೂ ತಪ್ಪಾ?”

“ಎಲ್ಲಾ ತಪ್ಪಲ್ಲ ಕಣೇ. ನೀನು ಯಾಕೆ ಹಾಕಿದೀಯ ಅನ್ನೋದು ನಿನಗೇ ಗೊತ್ತಿಲ್ಲ, ಅದು ತಪ್ಪು. ಮೊದಲನೇದು ಓದು.”

ಓದಿದೆ. ‘ಹ್ಯಾವಿಂಗ್ ವರ್ಕ್ಡ್ ಇನ್ ಎ ಲೈಬ್ರರಿ ಫಾರ್ ಟೂ ಇಯರ್ಸ್, ಮೈ ಇಂಟರೆಸ್ಟ್ ಇನ್ ಲ್ಯಾಂಗ್ವೇಜ್ ಗ್ರ್ಯೂ.’

“ಲೈಬ್ರರೀಲಿ ಯಾರು ಕೆಲಸ ಮಾಡಿದ್ದು?”

“ನಾನು.”

“ಇಲ್ಲಿ ನಿನ್ನ ಆಸಕ್ತಿ ಕೆಲಸ ಮಾಡಿದೆ. ಎರಡು ವರ್ಷ. ಸಂಬಳ ಕೊಟ್ಟಿದ್ರಾ ಅದಕ್ಕೆ?”

ಕಾಮಾದ ನಂತರ ಯಾವ ಕರ್ತೃ ಬರುತ್ತದೋ, ‘ಹ್ಯಾವಿಂಗ್’ ಕೆಲಸವನ್ನೂ ಅದೇ ಮಾಡಿರಬೇಕು. ನನ್ನ ವಾಕ್ಯದಲ್ಲಿ ಕಾಮಾದ ನಂತರ ಇದ್ದದ್ದು ‘ಮೈ ಇಂಟರೆಸ್ಟ್’. ಅಲ್ಲಿ ‘ಐ’ ಇರಬೇಕಿತ್ತು. ಇಂಥದ್ದನ್ನು ಅವರ ಕಸುಬಿನಲ್ಲಿ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಅನ್ನುತ್ತಾರಂತೆ. ಎಲ್ಲಿಗೂ ಅಂಟಿಕೊಳ್ಳದೆ ಜೋತಾಡುವ ತುಂಡು.

ಆದರೆ ನನಗೆ ಆ ವಾಕ್ಯ ಸರಿಯಾಗಿಯೇ ಕೇಳಿಸಿತ್ತು. ಯಾಕೆ ಅನ್ನುವುದು ತಲೆ ತಿನ್ನತೊಡಗಿತು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾದವರು, ಯಾರಾದರೂ ವ್ಯಾಕರಣ ಕೇಳಿದರೆ ಹಬ್ಬ ಅವರಿಗೆ.

“ಇದು ನಿನಗೆ ಹೇಳಿಕೊಟ್ಟಿದ್ದೆನಲ್ಲಮ್ಮಾ. ಭುಕ್ತ್ವಾ ವ್ರಜತಿ. ಉಂಡು ಹೋಗುತ್ತಾನೆ. ಸಮಾನಕರ್ತೃಕಯೋಃ ಪೂರ್ವಕಾಲೇ, ಪಾಣಿನಿ ಸೂತ್ರ. ಎರಡು ಕೆಲಸಕ್ಕೂ ಮಾಡುವವನು ಒಬ್ಬನೇ ಆಗಿರಬೇಕು, ಮೊದಲು ನಡೆದ ಕೆಲಸಕ್ಕೆ ಕ್ತ್ವಾ ಪ್ರತ್ಯಯ ಹತ್ತಬೇಕು. ನಿನ್ನ ಇಂಗ್ಲಿಷ್ ಹ್ಯಾವಿಂಗೂ ಅದನ್ನೇ ಕೇಳುತ್ತಿದೆ.”

“ಕನ್ನಡದಲ್ಲೂ ಹಾಗೇನಾ ಸರ್?”

“ಬಹಳ ಮಟ್ಟಿಗೆ ಹಾಗೇ. ಆದರೆ ಕನ್ನಡ ಅಷ್ಟು ಬಿಗಿ ಇಲ್ಲ ಕಣಮ್ಮಾ. ಮಳೆ ಬಂದು ಕೆರೆ ತುಂಬಿತು ಅಂತೀವಲ್ಲ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದರಿಂದ ಇನ್ನೊಂದು ಆಯಿತು ಅಂತಿದ್ದರೆ ಕರ್ತೃ ಬೇರೆಯಾದರೂ ಕನ್ನಡ ಒಪ್ಪುತ್ತದೆ.”

ಆಗ ಹೊಳೆಯಿತು. ನಾನು ‘ಎರಡು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿ ಆಸಕ್ತಿ ಬೆಳೆಯಿತು’ ಅಂತ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನ ಅಂಗಿ ತೊಡಿಸಿದ್ದೆ. ಕನ್ನಡದಲ್ಲಿ ಅದು ಸಲೀಸು. ಇಂಗ್ಲಿಷಿನಲ್ಲಿ ಕೆರೆಗೆ ಬೇರೆ ವಾಕ್ಯ, ಮಳೆಗೆ ಬೇರೆ ವಾಕ್ಯ ಬೇಕು: ‘ವೆನ್ ಇಟ್ ರೇನ್ಡ್, ದಿ ಲೇಕ್ ಫಿಲ್ಡ್ ಅಪ್.’ ‘ದಿ ರೇನ್ ಹ್ಯಾವಿಂಗ್ ಕಮ್’ ಅಂತ ಮಳೆಯನ್ನೂ ಒಳಗೆ ಸೇರಿಸಿ ಬರೆದರೆ ವ್ಯಾಕರಣಕ್ಕೆ ಸರಿಯೇ, ಆದರೆ ಹಳೇ ಪುಸ್ತಕದ ವಾಸನೆ ಬರುತ್ತದೆ ಅಂದಳು ಅಕ್ಕ.

ನಮ್ಮ ‘ಮಾಡಿ’ ಇನ್ನೊಂದು ಕಡೆಯೂ ಕೈ ಕೊಡುತ್ತದೆ. ‘ಮಾಡುತ್ತಾ’ ಅಂದರೆ ‘ಡೂಯಿಂಗ್’, ‘ಮಾಡಿ’ ಅಂದರೆ ‘ಹ್ಯಾವಿಂಗ್ ಡನ್’ ಅಂತ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಕೊಂಡೆ. ನಾಲ್ಕು ದಿನ ಅದನ್ನೇ ನಂಬಿದೆ. ‘ರೀಡಿಂಗ್ ದಿ ಲೆಟರ್, ಶಿ ಕ್ರೈಡ್’, ಓದುತ್ತಾ ಅತ್ತಳು. ‘ಹ್ಯಾವಿಂಗ್ ರೆಡ್ ದಿ ಲೆಟರ್, ಶಿ ಬರ್ನ್ಟ್ ಇಟ್’, ಓದಿ ಸುಟ್ಟಳು. ಇಲ್ಲಿ ಲೆಕ್ಕ ಸರಿ ಹೋಗುತ್ತದೆ. ಅಳುತ್ತಾ ಓದಬಹುದು, ಸುಡುತ್ತಾ ಓದುವುದು ಕಷ್ಟ. ‘ಹ್ಯಾವಿಂಗ್’ ಇಲ್ಲದೆ ಬರೆದರೆ ಕಾಗದಕ್ಕೆ ಬೆಂಕಿ ಹತ್ತಿರುವಾಗಲೇ ಅವಳು ಸಾಲು ಸಾಲು ಓದುತ್ತಿರುವ ಹಾಗೆ ಕಾಣುತ್ತದೆ.

ಆಮೇಲೆ ‘ಕ್ಲೋಸಿಂಗ್ ದಿ ಬುಕ್, ಹಿ ಸ್ಟುಡ್ ಅಪ್’ ಅಂತ ಒಂದು ಕಡೆ ಓದಿದೆ. ಪುಸ್ತಕ ಮುಚ್ಚಿ ಎದ್ದ. ಮುಚ್ಚುತ್ತಾ ಎದ್ದದ್ದಲ್ಲ, ಮುಚ್ಚಿ ಎದ್ದದ್ದು. ಹಾಗಾದರೆ ‘ಹ್ಯಾವಿಂಗ್ ಕ್ಲೋಸ್ಡ್’ ಯಾಕಿಲ್ಲ? ಅಕ್ಕನಿಗೆ ಮೆಸೇಜ್ ಹಾಕಿ ಮತ್ತೆ ಮೂರು ದಿನ ಕಾದೆ. ಉತ್ತರ ಚಿಕ್ಕದಾಗಿತ್ತು. ಒಂದರ ಬೆನ್ನಿಗೇ ಒಂದು ಚಕ್ಕನೆ ನಡೆದರೆ ಸಾದಾ ‘ಇಂಗ್’ ರೂಪ (‘ಡೂಯಿಂಗ್’ ಥರದ್ದು) ಸಾಕು. ಮೊದಲನೇ ಕೆಲಸ ಉದ್ದದ್ದಾಗಿದ್ದರೆ, ನಡುವೆ ಹೊತ್ತು ಹೋಗಿದ್ದರೆ, ಅಥವಾ ಅದು ಮುಗಿದದ್ದರಿಂದಲೇ ಎರಡನೆಯದು ಸಾಧ್ಯವಾಯಿತು ಅಂತಿದ್ದರೆ ‘ಹ್ಯಾವಿಂಗ್’. ಪುಸ್ತಕ ಮುಚ್ಚುವುದಕ್ಕೆ ಒಂದು ಕ್ಷಣ. ಎರಡು ವರ್ಷ ಲೈಬ್ರರಿಯಲ್ಲಿ ದುಡಿಯುವುದಕ್ಕೆ ಎರಡು ವರ್ಷ. ನನ್ನ ಎರಡು ಕಾಲಂ ಹೊಡೆದುಹಾಕಿದೆ. ನೀವೂ ಹಾಕಿಕೊಂಡಿದ್ದರೆ ಹೊಡೆದುಹಾಕಿ.

ಈ ನಡುವೆ ಒಂದು ಸಣ್ಣ ಎಚ್ಚರಿಕೆ. ‘ಹ್ಯಾವಿಂಗ್’ ಆದ ಮೇಲೆ ಕ್ರಿಯಾಪದದ ಮೂರನೇ ರೂಪ ಬರಬೇಕು. ‘ಹ್ಯಾವಿಂಗ್ ಗಾನ್’, ‘ಹ್ಯಾವಿಂಗ್ ರಿಟನ್’. ನಾನು ಎರಡು ಕಡೆ ‘ಹ್ಯಾವಿಂಗ್ ವೆಂಟ್’ ಬರೆದಿದ್ದೆ. ಅದನ್ನು ಕಂಪ್ಯೂಟರ್ ಹಿಡಿಯಲಿಲ್ಲ, ಅಕ್ಕ ಹಿಡಿದಳು. ಅಂದಹಾಗೆ ‘ಹ್ಯಾವಿಂಗ್’ ಕಂಡ ಕಡೆಯೆಲ್ಲ ಅದು ಈ ರೂಪವೇ ಆಗಿರಬೇಕಿಲ್ಲ. ‘ಹ್ಯಾವಿಂಗ್ ಟೂ ಸಿಸ್ಟರ್ಸ್’ ಅಂದಾಗ ಅಲ್ಲಿ ‘ಇರುವುದು’ ಅಂತ ಅರ್ಥ, ಅದು ಸಾದಾ ಇಂಗ್. ‘ಥ್ಯಾಂಕ್ಯೂ ಫಾರ್ ಹ್ಯಾವಿಂಗ್ ಮಿ’ ಅಂದರೆ ಕರೆಸಿಕೊಂಡಿದ್ದಕ್ಕೆ ಥ್ಯಾಂಕ್ಸ್. ‘ಹ್ಯಾವಿಂಗ್ ಹ್ಯಾಡ್’ ಕೂಡ ಇದೆ, ಗಾಬರಿ ಬೇಡ, ಅದೂ ಸರಿಯೇ.

ಮೂರನೇ ವಾರ ಒಂದು ಅಭ್ಯಾಸ ಪುಸ್ತಕ ಹಿಡಿದೆ. ಹಿಂದುಗಡೆ ಉತ್ತರಗಳಿರುವ ಥರದ್ದು. ಇಪ್ಪತ್ತು ಪ್ರಶ್ನೆಗಳಲ್ಲಿ ಹನ್ನೊಂದು ಸರಿ ಬಂತು. ಒಂದು ಪ್ರಶ್ನೆ ಮಾತ್ರ ನನ್ನನ್ನು ಸುಮ್ನೆ ಬಿಡಲಿಲ್ಲ. ‘ಹಿ ಡಿನೈಡ್’, ಆಮೇಲೆ ಖಾಲಿ ಜಾಗ, ಆಮೇಲೆ ‘ದಿ ಮನಿ’. ‘ಟೇಕಿಂಗ್’ ಹಾಕಬೇಕಾ, ‘ಹ್ಯಾವಿಂಗ್ ಟೇಕನ್’ ಹಾಕಬೇಕಾ? ಹಣ ತೆಗೆದದ್ದು ಮೊದಲು, ಇಲ್ಲ ಅಂದದ್ದು ಆಮೇಲೆ. ಮೊದಲು ನಡೆದದ್ದಕ್ಕೆ ‘ಹ್ಯಾವಿಂಗ್’ ತಾನೇ? ಹಾಗೇ ಬರೆದೆ. ಉತ್ತರದ ಪುಟದಲ್ಲಿ ‘ಟೇಕಿಂಗ್’ ಅಂತಿತ್ತು, ಅಷ್ಟೇ. ಯಾಕೆ ಅಂತ ಒಂದು ಸಾಲೂ ಇಲ್ಲ.

ಆ ಸಂಜೆ ಪುಸ್ತಕ ಮೂಲೆಗೆ ಎಸೆದೆ. ನಿಜವಾಗಲೂ ಎಸೆದೆ. ಕಲಿತದ್ದೆಲ್ಲ ಸುಳ್ಳು ಅನಿಸಿತು.

ಎರಡೂ ಸರಿಯಂತೆ! ಅದು ಗೊತ್ತಾಗಲು ಮತ್ತೆ ಒಂದು ವಾರ ಬೇಕಾಯಿತು. ‘ಡಿನೈ’ ಅನ್ನುವ ಪದದಲ್ಲೇ ಹಿಂದೆ ನಡೆದದ್ದು ಅಡಗಿದೆ. ನಡೆದದ್ದನ್ನು ತಾನೇ ನಾವು ಅಲ್ಲಗಳೆಯುವುದು? ‘ಅಡ್ಮಿಟ್’, ‘ರಿಮೆಂಬರ್’, ‘ರಿಗ್ರೆಟ್’, ‘ಫರ್ಗೆಟ್’ ಇವೂ ಹಾಗೆಯೇ. ‘ಐ ರಿಮೆಂಬರ್ ಮೀಟಿಂಗ್ ಹರ್’ ಅಂದರೆ ಭೇಟಿಯಾದದ್ದು ಮುಗಿದ ಮಾತು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುಖ್ಯ ಕ್ರಿಯಾಪದವೇ ಹಿಂದು ಮುಂದು ಹೇಳುತ್ತಿರುವಾಗ ‘ಹ್ಯಾವಿಂಗ್’ ಒಂದು ಹೆಚ್ಚುವರಿ ಸಾಕ್ಷಿ, ಅಷ್ಟೇ. ಬೇಕಾದರೆ ಕರೆಯಬಹುದು, ಇಲ್ಲದಿದ್ದರೂ ಕೇಸು ನಿಲ್ಲುತ್ತದೆ. ದಿನದ ಮಾತಿನಲ್ಲಿ ಸಾದಾ ರೂಪವೇ ಜಾಸ್ತಿ. ಅಭ್ಯಾಸ ಪುಸ್ತಕದಲ್ಲಿ ಒಂದೇ ಉತ್ತರ ಕೊಟ್ಟಿದ್ದರೆ ನಿಮ್ಮದು ತಪ್ಪು ಅಂತ ತಕ್ಷಣ ನಂಬಬೇಡಿ, ಬಲ್ಲವರನ್ನು ಕೇಳಿ. ಆದರೆ ‘ರಿಮೆಂಬರ್’, ‘ರಿಗ್ರೆಟ್’, ‘ಫರ್ಗೆಟ್’ ಆದ ಮೇಲೆ ‘ಟು’ ಬಂದರೆ ಕಥೆ ಬೇರೆ. ‘ರಿಮೆಂಬರ್ ಲಾಕಿಂಗ್ ದಿ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್’ ಅಂದರೆ ಮರೆಯದೆ ಬೀಗ ಹಾಕು. ಒಂದು ನಡೆದದ್ದು, ಒಂದು ನಡೆಯಬೇಕಾದದ್ದು.

ಈ ಸಾಕ್ಷಿಯ ಲೆಕ್ಕ ತಲೆಗೆ ಹತ್ತಿದ ಮೇಲೆ ಹಳದಿ ಗುರುತುಗಳು ಒಂದೊಂದಾಗಿ ಬಿಡಿಸಿಕೊಂಡವು. ‘ಆಫ್ಟರ್ ಹ್ಯಾವಿಂಗ್ ಫಿನಿಷ್ಡ್’ ಅಂತ ಆರು ಕಡೆ ಇತ್ತು. ‘ಆಫ್ಟರ್’ ಅಂದಮೇಲೆ ಮುಗಿಯಿತಲ್ಲ, ‘ಆಫ್ಟರ್ ಫಿನಿಷಿಂಗ್’ ಸಾಕು. ‘ವೈಲ್ ಹ್ಯಾವಿಂಗ್ ಸ್ಟಡೀಡ್’ ಅಂತ ಮೂರು ಕಡೆ. ‘ವೈಲ್’ ಅಂದರೆ ‘ಆಗುತ್ತಿರುವಾಗ’, ‘ಹ್ಯಾವಿಂಗ್’ ಅಂದರೆ ‘ಆಗಿ ಮುಗಿದು’. ಎರಡನ್ನೂ ಒಟ್ಟಿಗೆ ಕಟ್ಟಿದರೆ ಒಂದಕ್ಕೊಂದು ಜಗಳ. ‘ಐ ಎಂಜಾಯ್ಡ್ ಹ್ಯಾವಿಂಗ್ ಟಾಟ್ ಚಿಲ್ಡ್ರನ್’ ಅಂತ ಬರೆದಿದ್ದೆ. ಖುಷಿಪಟ್ಟದ್ದು ಕಲಿಸುತ್ತಿರುವಾಗಲೇ ಅಲ್ವಾ, ‘ಎಂಜಾಯ್ಡ್ ಟೀಚಿಂಗ್’ ಸಾಕು.

ಪತ್ರಕ್ಕೆ 800 ಪದಗಳ ಮಿತಿ ಇತ್ತು. ನನ್ನದು 831 ಆಗಿತ್ತು. ಏನು ತೆಗೆಯುವುದು ಅಂತ ಮೊದಲೆಲ್ಲ ಒದ್ದಾಡಿದ್ದೆ. ‘ಹ್ಯಾವಿಂಗ್’ ಹೋದ ಕಡೆಯೆಲ್ಲ ಒಂದೊಂದು ಪದ ಉಳಿಯಿತು. ಉಳಿದ ಎಂಟು ಪದಕ್ಕೆ ಎರಡು ‘ವೆರಿ’ ಮತ್ತು ಒಂದು ಅನಗತ್ಯ ಹೊಗಳಿಕೆ ಬಲಿಯಾದವು.

ನಾಲ್ಕನೇ ವಾರ ಹೆಮ್ಮೆಯಿಂದ ಎರಡನೇ ಕರಡು ಕಳಿಸಿದೆ. ಒಂದೂ ‘ಹ್ಯಾವಿಂಗ್’ ಇಲ್ಲ. ಸೊನ್ನೆ. ಈ ಸಲ ಅಕ್ಕ ಎರಡೇ ದಿನದಲ್ಲಿ ಫೋನ್ ಮಾಡಿದಳು.

“ಎಲ್ಲಾ ಗುಡಿಸಿಬಿಟ್ಟಿದೀಯಲ್ಲೇ! ಬೇಕಾದ್ದೂ ಹೋಯ್ತು.”

“ಇನ್ನೇನು ತಪ್ಪು?”

“ಪ್ರೌಡ್ ಆಫ್ ಬೀಯಿಂಗ್ ದಿ ಎಡಿಟರ್ ಆಫ್ ದಿ ಕಾಲೇಜ್ ಮ್ಯಾಗಜೀನ್ ಅಂದಿದೀಯ. ಈಗಲೂ ನೀನೇ ಎಡಿಟರ್ರಾ?”

ಇಲ್ಲ. ಕಾಲೇಜು ಬಿಟ್ಟು ಎರಡು ವರ್ಷ ಆಗಿದೆ.

ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನನ್ನ ಐದು ವಾರದಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಇದೇ. ಕ್ರಿಯಾಪದ ಒಂದು ಕೆಲಸವನ್ನು ಹೇಳಿದರೆ, ‘ಟೇಕ್’ ಥರದ್ದು, ಎರಡು ರೂಪಗಳ ನಡುವೆ ಹಲವು ಸಲ ವ್ಯತ್ಯಾಸ ಕಾಣುವುದೇ ಇಲ್ಲ. ಅದು ಒಂದು ಸ್ಥಿತಿಯನ್ನು ಹೇಳಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ‘ಬೀ’, ‘ನೋ’, ‘ಲಿವ್’ ಇಂಥವು. ‘ಪ್ರೌಡ್ ಆಫ್ ಬೀಯಿಂಗ್’ ಅಂದರೆ ಹೆಮ್ಮೆ ಇರುವ ಹೊತ್ತಿಗೇ ಆ ಪಟ್ಟವೂ ಇದೆ. ‘ಪ್ರೌಡ್ ಆಫ್ ಹ್ಯಾವಿಂಗ್ ಬೀನ್’ ಅಂದರೆ ಹೆಮ್ಮೆ ಈಗ, ಪಟ್ಟ ಆಗ. ಒಂದು ಪದ ಕಳೆದದ್ದಕ್ಕೆ ನಾನು ಅರ್ಜಿಯಲ್ಲಿ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಹಾಗೆಯೇ ‘ನೋಯಿಂಗ್ ಹರ್ ವೆಲ್’ ಅಂದರೆ ಚೆನ್ನಾಗಿ ಗೊತ್ತಿರುವುದರಿಂದ. ಅದಕ್ಕೆ ‘ಹತ್ತು ವರ್ಷದಿಂದ’ ಅಂತ ಅಳತೆ ಹಚ್ಚಿದರೆ ‘ಹ್ಯಾವಿಂಗ್ ನೋನ್ ಹರ್ ಫಾರ್ ಟೆನ್ ಇಯರ್ಸ್’ ಆಗಬೇಕು. ‘ಐ ಆಮ್ ನೋಯಿಂಗ್’ ತಪ್ಪು ಅಂತ ಶಾಲೆಯಲ್ಲಿ ಬೈಸಿಕೊಂಡವಳು ನಾನು. ಆ ಭಯಕ್ಕೆ ‘ನೋಯಿಂಗ್’ ಪದವನ್ನೇ ಮುಟ್ಟುತ್ತಿರಲಿಲ್ಲ. ಅಲ್ಲಿ ತಪ್ಪಾದದ್ದು ‘ಆಮ್’ ಜೊತೆ ಕಟ್ಟಿದ್ದಕ್ಕೆ. ಒಂಟಿಯಾಗಿ ಬಂದರೆ ‘ನೋಯಿಂಗ್’ ಪೂರ್ತಿ ಸರಿ.

ಇನ್ನೊಂದು ವಿಷಯ. ‘ಹ್ಯಾವಿಂಗ್’ ಅಂದರೆ ಭೂತಕಾಲ ಅಂತ ಗಟ್ಟಿ ಮಾಡಿಕೊಳ್ಳಬೇಡಿ. ನಾಳೆಯ ಮಾತಿಗೂ ಅದು ಬರುತ್ತದೆ. ‘ಹ್ಯಾವಿಂಗ್ ಫಿನಿಷ್ಡ್ ದಿ ಕೋರ್ಸ್, ಐ ವಿಲ್ ಟೀಚ್’ ಅಂತ ಬರೆಯಬಹುದು. ಕೋರ್ಸು ಇನ್ನೂ ಶುರುವೇ ಆಗಿಲ್ಲ. ‘ಹ್ಯಾವಿಂಗ್’ ನೋಡುವುದು ಗಡಿಯಾರವನ್ನಲ್ಲ, ಮುಖ್ಯ ಕ್ರಿಯಾಪದವನ್ನು. ಅದಕ್ಕಿಂತ ಮೊದಲಾ ಅಂತ ಮಾತ್ರ ಕೇಳುತ್ತದೆ. ನಮ್ಮ ‘ಮುಗಿಸಿ ಕಲಿಸುತ್ತೇನೆ’ ಕೂಡ ಹಾಗೇ ಅಲ್ವಾ.

ಕೊನೆಗೆ ನಾಲ್ಕು ‘ಹ್ಯಾವಿಂಗ್’ ವಾಪಸ್ ಬಂದವು. ಲೈಬ್ರರಿಯದ್ದು, ಈ ಸಲ ಕಾಮಾದ ನಂತರ ‘ಐ’ ಹಾಕಿ. ಮ್ಯಾಗಜೀನಿನದ್ದು. ಭಾಷಾಶಾಸ್ತ್ರ ಮೊದಲು ಓದಿಲ್ಲ ಅಂತ ಒಪ್ಪಿಕೊಂಡ ಸಾಲಿನಲ್ಲಿ ‘ನಾಟ್ ಹ್ಯಾವಿಂಗ್ ಸ್ಟಡೀಡ್’. ಇಲ್ಲಿ ‘ನಾಟ್’ ಮೊದಲೇ ಬರಲಿ, ‘ಹ್ಯಾವಿಂಗ್ ನಾಟ್’ ಅನ್ನುವುದು ಕಡಿಮೆ. ನಾಲ್ಕನೆಯದು ಬರೆಯಲು ಕೈ ನಡುಗಿತು. ಹೋದ ವರ್ಷ ಇದೇ ಥರದ ಅರ್ಜಿ ತಿರಸ್ಕಾರವಾಗಿತ್ತು. ‘ಹ್ಯಾವಿಂಗ್ ಬೀನ್ ರಿಜೆಕ್ಟೆಡ್ ಲಾಸ್ಟ್ ಇಯರ್, ಐ ಸ್ಪೆಂಟ್ ದಿಸ್ ಇಯರ್ ರೀಡಿಂಗ್.’ ಅದನ್ನು ಹೇಳಬೇಕಾ ಬೇಡವಾ ಅಂತ ಒಂದು ರಾತ್ರಿ ಯೋಚಿಸಿದೆ. ಬರೆದ ಮೇಲೆ ಹಗುರ ಅನಿಸಿತು. ‘ಬೀಯಿಂಗ್ ರಿಜೆಕ್ಟೆಡ್’ ಅಂದಿದ್ದರೆ ಇಡೀ ವರ್ಷ ತಿರಸ್ಕಾರ ಆಗುತ್ತಲೇ ಇದ್ದ ಹಾಗೆ ಕೇಳಿಸುತ್ತಿತ್ತು.

ಎಲ್ಲ ಮುಗಿಯಿತು ಅಂದುಕೊಂಡಾಗ ಶಿಫಾರಸು ಪತ್ರ ಬಂತು. ನನಗೆ ಪಾಠ ಮಾಡಿದವರೊಬ್ಬರು ಬರೆದುಕೊಟ್ಟದ್ದು. ಮೊದಲ ಸಾಲೇ ಹೀಗಿತ್ತು: ‘ಹ್ಯಾವಿಂಗ್ ನೋನ್ ಹರ್ ಫಾರ್ ತ್ರೀ ಇಯರ್ಸ್, ಶಿ ಈಸ್ ಎ ಸಿನ್ಸಿಯರ್ ಸ್ಟೂಡೆಂಟ್.’ ಕಾಮಾದ ನಂತರ ಯಾರಿದ್ದಾರೆ ನೋಡಿ. ನಾನು ನನ್ನನ್ನೇ ಮೂರು ವರ್ಷದಿಂದ ಬಲ್ಲೆ!

ಐದು ವಾರದ ಹಿಂದೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಬಿತ್ತು, ಬಿದ್ದ ಮೇಲೆ ಬಿಡುವಂತಿಲ್ಲ. ಗುರುಗಳಿಗೆ ಹೇಗೆ ಹೇಳುವುದು? ಕಡೆಯ ದಿನಾಂಕಕ್ಕೆ ಇನ್ನು ಎಂಟೇ ದಿನ. ನಾಲ್ಕು ದಿನ ಸುಮ್ಮನಿದ್ದೆ. ಆಮೇಲೆ ಧೈರ್ಯ ಮಾಡಿ ಬರೆದೆ: “ಸರ್, ಮೊದಲ ಸಾಲಿನಲ್ಲಿ ಕಾಮಾ ಆದ ಮೇಲೆ ‘ಐ’ ಬಂದರೆ ನನ್ನನ್ನು ಬಲ್ಲವರು ನೀವು ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ ಅನಿಸಿತು.” ಅರ್ಧ ಗಂಟೆಯಲ್ಲಿ ತಿದ್ದಿದ ಪತ್ರ ಬಂತು, ಜೊತೆಗೆ ಒಂದು ನಗುಮುಖ. ನಾಲ್ಕು ದಿನ ಸುಮ್ನೆ ಹೆದರಿದ್ದೆ. ಶಿಫಾರಸು ಪತ್ರ ಬೇಗ ಕೇಳಿ, ಬಂದ ದಿನವೇ ಓದಿ. ತಿದ್ದಿಸಲು ಹೊತ್ತು ಬೇಕಾಗುತ್ತದೆ.

ಕಡೆಯ ಪರೀಕ್ಷೆ ಮುಕ್ತಾಯದ ಸಾಲಿನಲ್ಲಿತ್ತು. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಅಂತ ಬರೆದಿದ್ದೆ. ಅಲ್ಲಿ ‘ಹಿಯರಿಂಗ್’ ಆಗಬೇಕು. ಈ ‘ಟು’ ಒಂದು ವಿಭಕ್ತಿಯ ಹಾಗೆ, ನಮ್ಮ ‘ಗೆ’, ‘ಕ್ಕೆ’ ಇದ್ದಂತೆ. ಅದರ ಮುಂದೆ ನಾಮಪದ ಬೇಕು, ಕ್ರಿಯಾಪದ ನಾಮಪದವಾಗಬೇಕಾದರೆ ಇಂಗ್ ತೊಡಬೇಕು. ‘ಥ್ಯಾಂಕ್ಯೂ ಫಾರ್ ಹ್ಯಾವಿಂಗ್ ಕನ್ಸಿಡರ್ಡ್’ ಅಂತ ಬರೆಯಲು ಕೈ ತುರಿಸಿತು. ‘ಫಾರ್ ಕನ್ಸಿಡರಿಂಗ್’ ಅಂತ ಬರೆದು ಬಿಟ್ಟೆ.

ಖರ್ಚು ಅಂತ ಕೇಳಿದರೆ, ಒಂದು ನೋಟ್‌ಬುಕ್, ಮೂಲೆಗೆ ಎಸೆದದ್ದಕ್ಕೆ ಬೆನ್ನು ಬಿರಿದ ಒಂದು ಅಭ್ಯಾಸ ಪುಸ್ತಕ, ಐದು ವಾರದ ಸಂಜೆಗಳು. ಅಕ್ಕನ ಹೊತ್ತಿನ ಲೆಕ್ಕ ನಾನು ಹಾಕಿಲ್ಲ, ಅವಳೂ ಹಾಕಿಲ್ಲ.

ಕಳಿಸಿದ ರಾತ್ರಿ ನಿದ್ದೆ ಬರಲಿಲ್ಲ. ಕಡತ ತೆರೆದು ‘ಹ್ಯಾವಿಂಗ್’ ಅಂತ ಹುಡುಕಿದೆ. ನಾಲ್ಕು ಬರಬೇಕಿತ್ತು, ಐದು ತೋರಿಸಿತು. ಎರಡನೇ ಪುಟದ ನಡುವೆ, ‘ಆಫ್ಟರ್ ಹ್ಯಾವಿಂಗ್ ಕಂಪ್ಲೀಟೆಡ್ ಮೈ ಡಿಗ್ರಿ’. ಹಳೇ ಕರಡಿನಿಂದ ಒಂದು ಪ್ಯಾರಾ ನಕಲು ಮಾಡುವಾಗ ನುಸುಳಿತ್ತು. ಹನ್ನೊಂದೂವರೆಗೆ ಅಕ್ಕನಿಗೆ ಫೋನ್ ಮಾಡಿದೆ. ಅರೆನಿದ್ದೆಯಲ್ಲಿ ಪೂರ್ತಿ ಕೇಳಿಸಿಕೊಂಡಳು.

“ತಪ್ಪೇನಲ್ಲ ಕಣೇ, ಒಂದು ಪದ ಹೆಚ್ಚಾಯ್ತು ಅಷ್ಟೇ. ಎಷ್ಟು ಪದ ಆಗಿದೆ ಈಗ?”

“ಸರಿಯಾಗಿ 800.”

“ಮತ್ತೇನು, ಮಲಕ್ಕೋ.”